ಏಳನೇ ಫ್ಯಾನ್ ಕೇಳಿದ್ದು

ಇದು ನಿಜವಾಗಿ ನಡೆದದ್ದು. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಕೇಳಿದರೆ ಪ್ರಮಾಣ ಮಾಡಲಾರೆ. ಹೇಳಿ ಹೇಳಿ ಆ ರಾತ್ರಿ ನನ್ನ ಬಾಯಲ್ಲಿ ನಯವಾಗಿಬಿಟ್ಟಿದೆ. ನಯವಾದದ್ದನ್ನು ಪೂರ್ತಿ ನಂಬಬೇಡಿ.

ಹೊಸದುರ್ಗದ ಹತ್ತಿರ ಗುಡ್ಡದ ಮೇಲೆ ನಮ್ಮ ಕಂಟ್ರೋಲ್ ರೂಮು. ಸಾಲಾಗಿ ಒಂಬತ್ತು ಗಾಳಿಯಂತ್ರ. ಇಲ್ಲಿ ಎಲ್ಲರೂ ಫ್ಯಾನ್ ಅಂತಾರೆ. ನಿಂತ ಫ್ಯಾನನ್ನು ರೂಮಿನಿಂದಲೇ ಶುರು ಮಾಡುವ ಪ್ರೋಗ್ರಾಮನ್ನು ಜಾವಾಸ್ಕ್ರಿಪ್ಟಿನಲ್ಲಿ ಬರೆದವನು ನಾನೇ. ರಾತ್ರಿ ಪಾಳಿಯೂ ನನ್ನದೇ.

ಮುಂಚೆ ಈ ಪಾಳಿ ತಿಪ್ಪಣ್ಣನದು. ಹಿಂದಿನ ವರ್ಷ ತೀರಿಕೊಂಡರು. ಕುರಿ ಕಾಯ್ದು ಬೆಳೆದ ಮನುಷ್ಯ, ಬೇಸಿಗೆಯಲ್ಲೂ ಕಂಬಳಿ ಬಿಡುತ್ತಿರಲಿಲ್ಲ. ಯಾವ ಫ್ಯಾನ್ ಶುರು ಮಾಡುವ ಮುಂಚೆಯೂ ಕಂಬದ ಬುಡಕ್ಕೇ ಹೋಗಿ ಮೂರು ಸಲ ಕೂಗೋರು. "ಮೇಲೆ ಯಾರಾರ ಇದೀರೇನಪ್ಪ?" ಫೋನ್ ಇರುವಾಗ ಇದೇನು ಅಂತ ನಾವು ನಗುತ್ತಿದ್ದೆವು.

ಆ ರಾತ್ರಿ ಏಳನೇ ಫ್ಯಾನ್ ನಿಂತಿತು. ಹಳೆ ಕಂಪ್ಯೂಟರೂ ಕೆಟ್ಟಿತ್ತು. ಹೊಸ ಲ್ಯಾಪ್‌ಟಾಪಿಗೆ ಪ್ರೋಗ್ರಾಮ್ ಹಾಕಿ, ಕಪ್ಪು ಪರದೆಯಲ್ಲಿ ‘ಎನ್‌ಪಿಎಂ ಇನ್‌ಸ್ಟಾಲ್’ ಅಂತ ಟೈಪ್ ಮಾಡಿದೆ. ಪ್ರೋಗ್ರಾಮಿಗೆ ಬೇಕಾದ ಸಿದ್ಧ ತುಣುಕುಗಳನ್ನು, ಅಂದರೆ ಪ್ಯಾಕೇಜುಗಳನ್ನು, ಇಳಿಸಿಕೊಡುವ ಸಾಧನ ಅದು; ಎಲ್ಲ ಇಳಿದವು. ಆಮೇಲೆ ಪ್ರೋಗ್ರಾಮ್ ಓಡಿಸಲು ‘ಎನ್‌ಪಿಎಂ ಸ್ಟಾರ್ಟ್’...

ಶುರುವಾಗಲಿಲ್ಲ. ಪರದೆಯ ಮೇಲೆ ಕನ್ನಡದಲ್ಲಿ ಒಂದು ಸಾಲು. ಮೇಲೆ ಯಾರಾರ ಇದೀರೇನಪ್ಪ? ಕೆಳಗೆ ಕರ್ಸರ್ ಮಿಟುಕುತ್ತಿತ್ತು.

ಯಾರದೋ ತಮಾಷೆ ಅಂದುಕೊಂಡೆ. ಸ್ಟಾರ್ಟ್‌ಗಿಂತ ಮುಂಚೆ ತಾನಾಗೇ ಓಡುವ ಇನ್ನೊಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಆಜ್ಞೆ, ಇಡಬಹುದು. ‘ಪ್ರೀಸ್ಟಾರ್ಟ್’ ಅಂತ ಹೆಸರಿಟ್ಟರೆ ಸಾಕು. ನಿಲ್ಲಿಸಿ, ಸ್ಕ್ರಿಪ್ಟುಗಳ ಪಟ್ಟಿ ಇರುವ ಫೈಲ್ ತೆಗೆದೆ. ಅದರಲ್ಲಿದ್ದದ್ದು ಸ್ಟಾರ್ಟ್ ಒಂದೇ. ಪ್ಯಾಕೇಜುಗಳನ್ನೆಲ್ಲ ಅಳಿಸಿ ಮತ್ತೆ ಇಳಿಸಿದೆ. ಮತ್ತೆ ಸ್ಟಾರ್ಟ್... ಮತ್ತೆ ಅದೇ ಪ್ರಶ್ನೆ.

ಆಗ ವಾಸನೆ ಬಂತು. ಒದ್ದೆ ಕಂಬಳಿಯದು. ಹೊರಗೆ ಮಳೆಯಿರಲಿಲ್ಲ. ಕೆಲವರಿಗೆ ಹೇಳುವಾಗ ಬೀಡಿ ವಾಸನೆಯನ್ನೂ ಸೇರಿಸಿದ್ದೀನಿ, ಅದು ಸುಳ್ಳು. ಕಂಬಳಿ ನಿಜ.

ಮ್ಯಾನೇಜರು ಫೋನ್ ಮಾಡಿ, ಏಳನೇದು ಇನ್ನೂ ಯಾಕೆ ನಿಂತಿದೆ ಅಂತ ಗದರಿದರು. ಇಂಥ ಅಡ್ಡ ಸ್ಕ್ರಿಪ್ಟುಗಳನ್ನು ಬಿಟ್ಟು ಮುಂದೆ ಹೋಗು ಅನ್ನುವ ಆಜ್ಞೆಯೂ ಎನ್‌ಪಿಎಂನಲ್ಲಿದೆ. ಪ್ರಶ್ನೆಯನ್ನು ನಿಲ್ಲಿಸಿ, ಸ್ಟಾರ್ಟ್ ಪಕ್ಕದಲ್ಲಿ ‘ಇಗ್ನೋರ್ ಸ್ಕ್ರಿಪ್ಟ್ಸ್’ ಅಂತ ಸೇರಿಸಿದೆ. ಬೆರಳು ಎಂಟರ್ ಮೇಲಿತ್ತು...

ತೆಗೆದೆ. ಟೆಕ್ನಿಶಿಯನ್ ನಿಂಗರಾಜನಿಗೆ ಫೋನ್ ಮಾಡಿದೆ, ಬಾಗೂರಿನವನು. ಸ್ವಿಚ್ ಆಫ್.

ಬೈಕ್ ಹತ್ತಿದೆ. ಏಳನೇ ಕಂಬ ಎರಡು ಕಿಲೋಮೀಟರ್. ಕತ್ತಲಲ್ಲಿ ಉಳಿದ ಫ್ಯಾನುಗಳ ರೆಕ್ಕೆ ಭರ್... ಭರ್...

ಕಂಬದ ಬಾಗಿಲು ತೆರೆದಿತ್ತು. ಹೊಸ್ತಿಲಲ್ಲಿ ಒಂದು ಜೊತೆ ಚಪ್ಪಲಿ. ನಮ್ಮವರು ಗುಡಿ ಮುಂದೆ ಬಿಟ್ಟ ಹಾಗೆ ಚಪ್ಪಲಿ ಬಿಟ್ಟು, ಬೂಟು ಹಾಕಿಕೊಂಡೇ ಹತ್ತೋದು. ಒಳಗೆ ಬೀಗದ ಸ್ವಿಚ್ಚು ಆನ್‌ನಲ್ಲೇ ಇತ್ತು. ಅದನ್ನು ಆಫ್ ಮಾಡದಿದ್ದರೆ ರೂಮಿನಿಂದ ಯಾರು ಬೇಕಾದರೂ ಫ್ಯಾನ್ ತಿರುಗಿಸಬಹುದು. ಮೇಲೆ ಟಾರ್ಚಿನ ಬೆಳಕು ಅಲ್ಲಾಡುತ್ತಿತ್ತು. ಸ್ವಿಚ್ಚು ತಿರುಗಿಸಿ ಅಲ್ಲೇ ಕೂತುಬಿಟ್ಟೆ.

ನಿಂಗರಾಜ ಇಳಿದು ಬಂದ. ಬೆಳಿಗ್ಗೆ ಮಗಳನ್ನು ಚಿತ್ರದುರ್ಗಕ್ಕೆ ಕರೆದೊಯ್ಯಬೇಕಿತ್ತಂತೆ. ರಾತ್ರಿಯೇ ಗ್ರೀಸ್ ಹಾಕಿ ಮುಗಿಸೋಣ ಅಂತ ಫ್ಯಾನ್ ನಿಲ್ಲಿಸಿ ಹತ್ತಿದವನೂ ಅವನೇ. ಸ್ವಿಚ್ಚು ಮರೆತಿದ್ದ. ಫೋನಿನಲ್ಲಿ ಚಾರ್ಜ್ ಇರಲಿಲ್ಲ.

"ಎಷ್ಟು ಸಲ ಕೂಗ್ತೀಯಲೇ," ಅಂದ. "ಮೂರು ಸಲನೂ ಇದೀನಿ ಅಂದ್ನಲ್ಲ."

"ನಾನು ಈಗ ಬಂದೆ. ಕೂಗೇ ಇಲ್ಲ."

ಅವನು ಬೂಟು ಬಿಚ್ಚಿ ಚಪ್ಪಲಿ ಮೆಟ್ಟಿಕೊಂಡ. ಆಮೇಲೆ ಮೆಲ್ಲಗೆ, "ತಿಪ್ಪಣ್ಣನ ಹಂಗೆ ಅಣಗಿಸ್ತಾ ಇದೀಯ ಅನ್ಕಂಡೆ," ಅಂದ.

ಸ್ವಿಚ್ಚು ಮತ್ತೆ ಆನ್ ಮಾಡಿ, ಅವನನ್ನು ಮನೆಗೆ ಕಳಿಸಿ, ರೂಮಿಗೆ ಬಂದೆ. ಹಿಂದೆ ಕೊಟ್ಟ ಆಜ್ಞೆ ನೋಡೋಣ ಅಂತ ಮೇಲ್ಬಾಣದ ಕೀಲಿ ಒತ್ತಿದೆ. ಮೊದಲು ಬಂದದ್ದೇ ‘ಇಗ್ನೋರ್ ಸ್ಕ್ರಿಪ್ಟ್ಸ್’ ಸಾಲು. ಎಂಟರ್ ಒತ್ತದ ಸಾಲು ಅಲ್ಲಿ ಉಳಿಯೋದಿಲ್ಲ.

ಬೆರಳು ತೆಗೆದೆ ಅಂತ ಮೇಲೆ ಬರೆದಿದ್ದೀನಲ್ಲ... ನನಗೆ ಈಗಲೂ ಹಾಗೇ ನೆನಪು.

ಅದೇ ಸಾಲಿಗೆ ಎಂಟರ್ ಒತ್ತಿದೆ. ಈ ಸಲ ಏಳನೇ ಫ್ಯಾನ್ ತಕ್ಷಣ ತಿರುಗಿತು.

ಗಂಡನ ಜೀವ ಉಳಿಸಿದ ಅಣ್ಣ ಅಂತ ನಿಂಗರಾಜನ ಹೆಂಡತಿ ಪ್ರತಿ ಹಬ್ಬಕ್ಕೂ ಹೋಳಿಗೆ ಕಳಿಸುತ್ತಾಳೆ. ಡಬ್ಬಿಯ ಮುಚ್ಚಳ ತೆಗೆದರೆ ಒದ್ದೆ ಕಂಬಳಿ ವಾಸನೆ...