ಬರಿದಾಗಿ ಕಳಿಸಿದ ಬಟ್ಟಲು

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಪರ್ತ್‌ನಲ್ಲಿ ಗಣಿ ಕಂಪನಿಯ ಸ್ಟೋರ್ ನೋಡಿಕೊಂಡೇ ನಿವೃತ್ತನಾದೆ. ಹಳೆಯ ಸ್ಕಾಟಿಷ್ ಪಿಂಗಾಣಿ ಬಟ್ಟಲುಗಳ ಹುಚ್ಚು ಹಿಡಿದದ್ದು ಆಮೇಲೆ. ಅಗಲ ಬಾಯಿ, ಕೈಯಲ್ಲಿ ಬರೆದ ದಪ್ಪ ಗುಲಾಬಿ, ಸ್ಪಂಜಿನಿಂದ ಒತ್ತಿದ ನೀಲಿ ಎಲೆ. ಅವಕ್ಕಾಗಿ ಊರಂಚಿನ ಸ್ವಾನ್ ವ್ಯಾಲಿಯ ಹಳೇ ಸಾಮಾನಿನ ಶೆಡ್‌ಗಳನ್ನೆಲ್ಲ ಸುತ್ತುತ್ತಿದ್ದೆ. ಅಡಿಲೇಡ್‌ನಲ್ಲಿ ಡಾಕ್ಟರಾಗಿರುವ ನನ್ನ ಹೆಂಡತಿಯ ತಮ್ಮನಿಗೂ ಅದೇ ಹುಚ್ಚು. ಅವನನ್ನು ಕಂಡರೆ ನನಗಾಗುತ್ತಿರಲಿಲ್ಲ.

ಬ್ರಿಸ್ಬೇನ್‌ನಲ್ಲಿರುವ ನನ್ನ ಮಗಳ ಮನೆಗೆ ನಾನೂ ಅವನೂ ಹೋಗಿದ್ದಾಗ ಅಂಗಡಿಯೊಂದರಲ್ಲಿ ಮುಚ್ಚಳವಿದ್ದ ಬಟ್ಟಲು ಕಂಡಿತು. ಮುಚ್ಚಳ ಒಡೆಯದೆ ಉಳಿಯುವುದೇ ಅಪರೂಪ. ಬಿರುಕಿದೆಯೇ ಎಂದು ಬೆರಳಲ್ಲಿ ತಟ್ಟಿ ಸದ್ದು ಕೇಳಿದೆ. ಜೇಬಿನಿಂದ ಕನ್ನಡಕ ತೆಗೆಯಲೆಂದು ಕೆಳಗಿಟ್ಟೆ. ಅಷ್ಟರಲ್ಲಿ ಅವನು ಎತ್ತಿಕೊಂಡು ಹೋಗಿ ಕೊಂಡೇಬಿಟ್ಟ.

"ತಟ್ಟಿ ನೋಡೋಕೆ ಇದೇನು ಕಲ್ಲಂಗಡಿನಾ ಭಾವ?" ಎಂದು ನಕ್ಕ.

ಆ ಸಲ ಗೌರಿ ಹಬ್ಬಕ್ಕೆ ಅಡಿಲೇಡ್‌ನ ಗ್ಲೆನೆಲ್ಗ್‌ನಲ್ಲಿರುವ ಅವನ ಮನೆಯಿಂದ ಅಕ್ಕನಿಗೆ ಬಾಗಿನ ಬಂತು. ಮೊರದ ಬದಲು ಅದೇ ಬಟ್ಟಲು. ಒಳಗೆ ಅಕ್ಕಿ, ಬೇಳೆ, ಬೆಲ್ಲ, ಬಳೆ. ಇವಳು ಕಣ್ಣಿಗೊತ್ತಿಕೊಂಡಳು. ನನಗೋ, ಅವನು ನನ್ನ ಮನೆಗೇ ಬಂದು ಹಂಗಿಸಿದಂತಾಯಿತು. ಇವಳು ದೇವಸ್ಥಾನಕ್ಕೆ ಹೋಗಿದ್ದಾಗ ಒಳಗಿದ್ದುದನ್ನೆಲ್ಲ ಪ್ಲಾಸ್ಟಿಕ್ ಡಬ್ಬಿಗೆ ಸುರಿದೆ. ಬಟ್ಟಲು ತೊಳೆದು ಒರೆಸಿ ಕೊರಿಯರ್‌ನಲ್ಲಿ ಅವನಿಗೇ ವಾಪಸ್ ಕಳಿಸಿದೆ. ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದೆಂದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಗೊತ್ತಿದ್ದೇ ಕಳಿಸಿದೆ.

"ಒಂದು ಚೂರು ಸಕ್ಕರೆನಾದ್ರೂ ಹಾಕ್ಬಾರ್ದಿತ್ತಾ?" ಎಂದಳು ಇವಳು, ಗೊತ್ತಾದಾಗ. "ನಾನೇ ಒಲ್ಲೆ ಅಂದೆ ಅಂದ್ಕೋತಾನೆ ಅವ್ನು."

ಹಾಗೇ ಅಂದುಕೊಂಡ. ಮರುವರ್ಷ ಬಾಗಿನ ಬರಲಿಲ್ಲ. ಅಕ್ಕನ ಫೋನನ್ನೂ ಎತ್ತಲಿಲ್ಲ.

ಈ ವರ್ಷ ಹಬ್ಬಕ್ಕೆ ಮುಂಚೆ ನಾನೇ ಫೋನ್ ಮಾಡಿದೆ. ನನ್ನ ನಂಬರ್ ನೋಡಿ ಎತ್ತಿದ, ಜಗಳಕ್ಕೇ ಇರಬೇಕು. ಸ್ಪೀಕರ್ ಹಾಕಿದ್ದೆ, ಇವಳು ಪಕ್ಕದಲ್ಲೇ ಕೂತಿದ್ದಳು.

"ವಾಪಸ್ ಕಳಿಸಿದ್ದು ನಾನು. ನಿಮ್ಮಕ್ಕನಿಗೆ ಗೊತ್ತೇ ಇರ್ಲಿಲ್ಲ. ತಪ್ಪಾಯ್ತು ಕಣಯ್ಯ, ಅವಳಿಗೆ ಬಾಗಿನ ಕಳಿಸು."

"ಬಾಗಿನಾನಾ, ಬಟ್ಟಲಾ? ಬಟ್ಟಲಾದ್ರೆ ಇವತ್ತು ಮಧ್ಯಾಹ್ನಾನೇ ಪ್ಯಾಕ್ ಮಾಡ್ತೀನಿ ಭಾವ. ನಿಮಗೆ ಬೇಕಿದ್ದದ್ದು ಅದು ತಾನೆ?"

ಅಲ್ಲ ಎನ್ನಬೇಕಿತ್ತು. ಬಟ್ಟಲು ಬರುತ್ತದಲ್ಲ ಎಂಬ ಆಸೆ ಆ ಗಳಿಗೆಯಲ್ಲೂ ನನ್ನೊಳಗೆ ಹಾದುಹೋಯಿತು. ಅದನ್ನು ಇವಳು ನನ್ನ ಮುಖದಲ್ಲಿ ನೋಡಿಬಿಟ್ಟಳು. ಫೋನ್ ಕಸಿದುಕೊಂಡಳು.

"ಏನೂ ಕಳಿಸ್ಬೇಡ ಕಣೋ. ಹಬ್ಬಕ್ಕೆ ನಾನೇ ಅಲ್ಲಿಗೆ ಬರ್ತೀನಿ."

"ಬಾ ಅಕ್ಕ," ಎಂದ ಅವನು, ದನಿ ಮೆತ್ತಗಾಗಿ.

ನನ್ನನ್ನು ಇಬ್ಬರೂ ಕರೆಯಲಿಲ್ಲ.