ದನಿ ಡಬ್ಬಿಯ ಮೂವತ್ತು ಸೆಕೆಂಡು

ಉದಗೀರದ ಒಂದು ಆಸ್ಪತ್ರೆಯವರು ಹೊಸ ಟೆಲಿಫೋನ್ ಎಕ್ಸ್‌ಚೇಂಜ್ ಕೂಡಿಸಿದಾಗ ಹಳೆಯದನ್ನು ನಮಗೆ ಕೊಟ್ಟರು. ಗೋಡೆಗೆ ತೂಗುಹಾಕುವ, ಊಟದ ತಟ್ಟೆಗಿಂತ ತುಸು ದೊಡ್ಡದಾದ ಬೂದು ಬಣ್ಣದ ಪೆಟ್ಟಿಗೆ ಅದು. ಹೊರಗಿನಿಂದ ಬಂದ ಒಂದು ಲೈನನ್ನು ಒಳಗಿನ ಎಂಟು ಫೋನುಗಳಿಗೆ ಹಂಚುತ್ತದೆ. ಯಾರೂ ಎತ್ತದಿದ್ದರೆ ಕರೆ ಮಾಡಿದವರ ಮಾತನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಈ ಎರಡನೆಯ ಗುಣಕ್ಕಾಗಿಯೇ ನಾನು ಅದನ್ನು ಬೇಡಿ ತಂದಿದ್ದೆ.

ಕಾರಣವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ಹೆದ್ದಾರಿಯ ಮೇಲೆ, ಬೀಜ ಗೊಬ್ಬರದ ಅಂಗಡಿಯೊಂದರ ಮಾಳಿಗೆಯಲ್ಲಿ ನಮ್ಮ ಕೇಂದ್ರವಿದೆ. ತಮ್ಮ ಹಕ್ಕಿನ ವಿಷಯದಲ್ಲಿ ಸಲಹೆ ಬೇಕಾದ ಹೆಣ್ಣುಮಕ್ಕಳು ನಿಲಂಗಾ, ಉದಗೀರ, ಜಳಕೋಟದ ಕಡೆಯಿಂದ ಇಲ್ಲಿಗೆ ಕರೆ ಮಾಡುತ್ತಾರೆ. ಆದರೆ ಮನೆಯ ಮೊಬೈಲು ಗಂಡನ ಅಥವಾ ಮಗನ ಕಿಸೆಯಲ್ಲಿರುತ್ತದೆ. ಅದು ಅನ್ಯಾಯ. ಅವರು ಸ್ನಾನಕ್ಕೆ ಹೋದಾಗಲೋ, ಆದಿತ್ಯವಾರ ಸಂತೆಗೆ ಹೋದಾಗಲೋ ಅದು ಇವರ ಕೈಗೆ ಸಿಕ್ಕರೆ ಆ ಹೊತ್ತಿಗೆ ನಮ್ಮ ಬಾಗಿಲು ಮುಚ್ಚಿರುತ್ತದೆ. ಅದೂ ಅನ್ಯಾಯವೇ, ಮತ್ತು ಅದನ್ನು ಮಾಡುವವರು ನಾವು. ವಾಟ್ಸ್ಆ್ಯಪ್‌ನಲ್ಲಿ ಕೇಳಿದರೆ ಉತ್ತರ ಯಾರ ಕಣ್ಣಿಗೆ ಬೀಳುವುದೋ ತಿಳಿಯದು. ನೆರೆಮನೆಯವಳ ಫೋನು ಇಸಿದುಕೊಂಡು, ಒಂದು ನಿಮಿಷದಲ್ಲಿ ಮನಸ್ಸಿನ ಮಾತು ಹೇಳಿ, ಫೋನು ಮರಳಿಸಿ ಮನೆಗೆ ಹೋಗಲು ಸಾಧ್ಯವಾಗುವಂಥ ಒಂದು ಕಿವಿ ಬೇಕಾಗಿತ್ತು.

ಅದನ್ನು ಕೂಡಿಸಲು ಉದಗೀರದಿಂದ ಮಿಸ್ತ್ರಿ ಕಾಕಾ ಬಂದರು. ಆ ಆಸ್ಪತ್ರೆಯಲ್ಲಿ ಅದನ್ನು ಮೊದಲು ಕೂಡಿಸಿದವರೂ, ಈಗ ಬಿಚ್ಚಿದವರೂ ಅವರೇ. ಶನಿವಾರ ಮಧ್ಯಾಹ್ನದ ಹೊತ್ತಿಗೆ ತಂತಿಗಳೆಲ್ಲ ಜೋಡಣೆಯಾಗಿ, ಅವರು ಒಂದು ಫೋನಿನ ಮುಂದೆ ಕಾಲು ಮಡಿಚಿ ಕುಳಿತು, ನಕ್ಷತ್ರದ ಗುಂಡಿ ಒತ್ತಿ ಗುಪ್ತಸಂಖ್ಯೆ ಹಾಕಿ, ಆ ಪೆಟ್ಟಿಗೆಗೆ ಒಂದೊಂದೇ ನಿಯಮ ಕಲಿಸತೊಡಗಿದರು. ಎಷ್ಟು ಸಲ ಗಂಟೆ ಬಾರಿಸಿದ ಮೇಲೆ ಕರೆಯನ್ನು ತಾನೇ ಎತ್ತಬೇಕು, ಹೊಸ ಸಂದೇಶವಿದ್ದರೆ ಯಾವ ಫೋನಿನ ದೀಪ ಮಿನುಗಬೇಕು ಎಂಬಂಥವು. ಸರಿಯಾದರೆ ಒಂದು ಉದ್ದನೆಯ ಸದ್ದು. ತಪ್ಪಾದರೆ ಕೋಳಿಮರಿಯಂತೆ ಚಿಂವ್ ಚಿಂವ್ ಚಿಂವ್.

"ಈ ಮಷೀನ್‌ದಾಗ ಕನ್ನಡ ಇಲ್ಲರೀ ತಾಈ," ಎಂದರು. "ಇಂಗ್ಲಿಷ್ ಅದ, ಹಿಂದಿ ಅದ. ಯಾವುದು ಇಡ್ಲಿ?"

ಈ ಸೀಮೆಯ ಮನೆಮನೆಗಳಲ್ಲಿ ತಾಯಂದಿರು ಮಕ್ಕಳನ್ನು ಬೈಯುವುದು, ಮುದ್ದಿಸುವುದು ಕನ್ನಡದಲ್ಲಿ. ಆದರೆ ಫೋನಿನೊಳಗಿನ ಯಾವ ಯಾಂತ್ರಿಕ ದನಿಯೂ ಅವರೊಡನೆ ಕನ್ನಡದಲ್ಲಿ ಮಾತಾಡಿದ್ದಿಲ್ಲ. "ಇದು ಅನ್ಯಾಯ ಕಾಕಾ," ಎಂದೆ.

"ಅನ್ಯಾಯ ಖರೆ. ಆದ್ರ ನನಗ್ಯಾಕ ಬೈತೀರಿ? ನಾ ಏನ್ ಮಷೀನ್ ಹಡದೀನೇನು?" ಎಂದು ನಕ್ಕರು. "ನಿಮ್ಮ ದನೀನ ತುಂಬ್ರಿ. ಅದಕ್ಕ ಎಲ್ಲಾ ಭಾಷಾ ಬರೋಬರ್."

ಹಿಂದಿನ ದಿನವೇ ನಾನು ಒಂದು ಪುಟದ ಸ್ವಾಗತ ಭಾಷಣ ಬರೆದಿಟ್ಟಿದ್ದೆ. ಸಮಾನತೆ ಎಂದರೇನು, ಈ ಕೇಂದ್ರದ ಧ್ಯೇಯವೇನು, ಕರೆ ಮಾಡುವವರ ಗೋಪ್ಯತೆಯನ್ನು ಹೇಗೆ ಕಾಪಾಡುತ್ತೇವೆ ಎಂಬುದೆಲ್ಲ ಅದರಲ್ಲಿತ್ತು. ಅದನ್ನು ಅಕ್ಕನ ಕೈಗಿತ್ತೆ. ಅಕ್ಕ ಎಂದರೆ ನಮ್ಮ ಫೋನಿನ ಬಳಿ ಕೂರುವವರು. ನಿಲಂಗಾದ ಜಂಗಮ ಮನೆತನದವರು. ಅವರ ತಂದೆ ಪೂಜೆಗೆಂದು ಮನೆಮನೆಗೆ ಹೋಗುವಾಗ ಬೆನ್ನ ಹಿಂದೆ ಹೋಗಿ ಹೋಗಿ, ಸುತ್ತಲಿನ ಅಡುಗೆಮನೆಗಳ ಮಾತೆಲ್ಲ ಅವರಿಗೆ ಬಾಯಿಪಾಠ. ಕನ್ನಡಕ ಏರಿಸಿ ಪುಟವನ್ನು ಕೊನೆಯವರೆಗೂ ಓದಿದರು.

"ಬಾಳ ಚಂದ ಬರದೀದಿ, ತಂಗೀ. ಆದ್ರ ಇದು ಕೇಳಿ ಮುಗಸೂದ್ರಾಗ ಅಂವಾ ಜಳಕಾ ಮಾಡಿ, ಊಟಾ ಮಾಡಿ, ಹೊಲಕ್ಕ ಹೋಗಿ ಹೊಳ್ಳಿ ಬರ್ತಾನ. ಈಕಿ ಇನ್ನಾ ಸಮಾನತಾದಾಗೇ ನಿಂತಿರ್ತಾಳ."

ಕಾಕಾ ಸ್ಕ್ರೂಡ್ರೈವರ್ ಕೆಳಗಿಟ್ಟು ನಕ್ಕರು. ನಾನೂ ನಕ್ಕೆ, ತುಸು ತಡವಾಗಿ. ಕೊನೆಗೆ ಉಳಿದದ್ದು ಎರಡು ಸಾಲು, ಅಕ್ಕನ ದನಿಯಲ್ಲಿ: ನಮಸ್ಕಾರರೀ, ಕಚೇರಿ ಮುಚ್ಚೇದ, ಬೀಪ್ ಅಂದ ಮ್ಯಾಲ ನಿಮ್ಮ ಕೆಲಸಾ ಏನು ಹೇಳ್ರಿ, ಆಮ್ಯಾಲ ನಿಮ್ಮ ಹೆಸರು, ಗಂಡನ ಹೆಸರು, ಊರು ಹೇಳ್ರಿ. ಅದರ ಹಿಂದೆಯೇ ಮರಾಠಿಯಲ್ಲಿ ಅದೇ ಮಾತು. "ಗಂಡನ ಹೆಸರು" ಎಂದು ಸೇರಿಸಿದವಳು ನಾನೇ. ಒಂದೇ ಹೆಸರಿನವರು ಊರಿಗೆ ಹತ್ತು ಮಂದಿ ಇರುತ್ತಾರೆ. ಎಲ್ಲ ಅರ್ಜಿಗಳಲ್ಲೂ ಆ ಕಾಲಂ ಇರುತ್ತದೆ. ಕೈ ತಾನಾಗಿಯೇ ಬರೆಯಿತು. ಸಂದೇಶ ಎಷ್ಟು ಉದ್ದವಿರಬಹುದು ಎಂಬುದನ್ನು ಮಾತ್ರ ನಾನು ಕೇಳಲಿಲ್ಲ, ಕಾಕಾ ಹೇಳಲೂ ಇಲ್ಲ.

ಸೋಮವಾರ ಬೆಳಿಗ್ಗೆ ಬಾಗಿಲು ತೆರೆದಾಗ ಫೋನಿನ ಮೇಲಿನ ಕೆಂಪು ದೀಪ ಮಿನುಗುತ್ತಿತ್ತು. ಅಕ್ಕ ಚಪ್ಪಲಿ ಬಿಡುವುದನ್ನೂ ಮರೆತರು. ಸ್ಪೀಕರ್ ಹಾಕಿ ಇಬ್ಬರೂ ಕುರ್ಚಿಯ ತುದಿಯಲ್ಲಿ ಕುಳಿತೆವು.

ಮೊದಲನೆಯದು ಬರೀ "ಹಲೋ? ಹಲೋ? ಯಾರರೀ?" ಎರಡನೆಯವಳು ಅಕ್ಕನ ದನಿ ಗುರುತಿಸಿ ಜಗಳಕ್ಕೇ ನಿಂತಿದ್ದಳು: "ಅಕ್ಕಾ, ನಿಂದ್ ನೀ ಹೇಳಿದಿ, ನಾ ಮಾತಾಡಿದ್ರ ಈಗ ಸುಮ್ಮಕ ಕುಂತೀದಿ. ಸಿಟ್ಟಿಗಿ ಬಂದೀದೇನು?" ಮೂರನೆಯ ದನಿ ತನ್ನ ರೇಶನ್ ಕಾರ್ಡಿನ ತೊಂದರೆ ಹೇಳಿ, ತನ್ನ ಹೆಸರು ಹೇಳಿ, ತಡವರಿಸಿ, ಗಂಟಲು ಸರಿಮಾಡಿಕೊಂಡು, ರಾಗವಾಗಿ ಶುರುಮಾಡಿತು:

"ನಿಲಂಗಾದ ಪ್ಯಾಟ್ಯಾಗ ತಂದೀನಿ ಕೆಂಪನ್ನ ಬಳಿ, ರಾಯರ ಹೆಸರ ಹೇಳತೀನಿ, ಮಷೀನದ ತಾಯಿ, ಕೇಳಿ..."

ಆಮೇಲೆ ಒಂದು ಹೆಸರು, ಆಮೇಲೆ ನಾಚಿಕೆಯ ನಗು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡರು. "ಒಡಪಾ ಹಾಕ್ಯಾಳ ನೋಡು! ಡಬ್ಬಿಗಿ ಒಡಪಾ ಹಾಕ್ಯಾಳ!"

ಆಗ ನನಗೆ ಹೊಳೆಯಿತು. ನಮ್ಮ ಸೀಮೆಯ ಗೃಹಿಣಿ ಗಂಡನ ಹೆಸರನ್ನು ಬರಿದೇ ಉಚ್ಚರಿಸುವುದಿಲ್ಲ. ಮದುವೆ, ಸೀಮಂತದಲ್ಲಿ ನಾಲ್ಕು ಜನ ಹಟ ಹಿಡಿದಾಗ ಮಾತ್ರ ಪ್ರಾಸಕಟ್ಟಿದ ಒಡಪಿನಲ್ಲಿ ಮುಚ್ಚಿ ಹೇಳುತ್ತಾಳೆ. ಪೆಟ್ಟಿಗೆ ಕೇಳಿತೆಂದು ಆಕೆ ಪೆಟ್ಟಿಗೆಗೂ ಒಡಪು ಹೇಳಿದ್ದಳು. ನಾವು ಅತ್ತು ಬಿಡುವಷ್ಟು ನಕ್ಕೆವು. ನಾಲ್ಕನೆಯದೂ ಒಡಪು. ಐದನೆಯ ಸಂದೇಶ ಬಂದಾಗ ನಗು ನಿಂತಿತು.

ನಡುವಯಸ್ಸಿನ, ಮೆಲುದನಿಯ, ಅವಸರದ ಮಾತು. "ಬುಧವಾರ ನಮ್ಮಣ್ಣ ನನಗ ಹಕ್ಕಸೋಡಕ್ಕ ಸಹಿ ಮಾಡ್ಲಾಕ ಕರಕೊಂಡ್ ಹೊಂಟಾನ. ನನಗ ಮಾಡೂ ಮನಸಿಲ್ಲರೀ. ಮಾಡ್ಲೇಬೇಕೇನು? ಬ್ಯಾಡಂದ್ರ ನಡೀತದೇನು? ಜರಾ ಹೇಳ್ರಿ. ರಾಯರ ಹೆಸರ ಹೇಳಂದ್ರಿ... ಮಾಕಣಿ ಧರಣದ ನೀರ ಬಂತ ಹೊಲದ ಬದುವಿನ ತನಕಾ, ಕಬ್ಬಿನಾಗ ಗುಬ್ಬಿ ಹಾಡತಾವ ಹೊತ್ತ ಮುಣಗೂ ತನಕಾ, ನಕ್ಕೋತ ಹೇಳತೀನಿ ಕೇಳ್ರಿ, ನನ್ನ..."

ಬೀಪ್. ಅಷ್ಟೇ. ಹೆಸರಿಲ್ಲ, ಊರಿಲ್ಲ. ಗಡಿಯಾರ ನೋಡುತ್ತ ಮತ್ತೊಮ್ಮೆ ಕೇಳಿದೆ: ಮೂವತ್ತನೆಯ ಸೆಕೆಂಡಿಗೆ ಪೆಟ್ಟಿಗೆಯೇ ಮಾತು ಕತ್ತರಿಸಿತ್ತು.

ಹಕ್ಕಸೋಡ ಎಂದರೆ ತವರಿನ ಹೊಲದಲ್ಲಿ ನನಗೆ ಪಾಲು ಬೇಡ ಎಂದು ಹೆಣ್ಣುಮಗಳು ಬರೆದುಕೊಡುವ ಕಾಗದ. ಕಾನೂನು ಆಕೆಗೆ ಪಾಲು ಕೊಟ್ಟಿದೆ. ಪದ್ಧತಿ ಆಕೆಯಿಂದಲೇ ಅದನ್ನು ಮರಳಿ ಬರೆಸಿಕೊಳ್ಳುತ್ತದೆ, ಅದೂ ಪ್ರೀತಿಯ ಹೆಸರಿನಲ್ಲಿ, ಒಂದು ಸೀರೆ ಕೊಟ್ಟು. ಇದಕ್ಕಿಂತ ನಯವಾದ ಅನ್ಯಾಯವನ್ನು ನಾನು ಕಂಡಿಲ್ಲ. ಬುಧವಾರಕ್ಕೆ ಎರಡೇ ದಿನ ಉಳಿದಿತ್ತು.

"ಮಾಕಣಿ ಕಡೆ ಹೋಗಿ ಹುಡುಕೋಣೇನ್ರೀ ಅಕ್ಕಾ?" ಎಂದೆ.

"ಹುಡುಕಿ ಏನಂತ ಕೇಳ್ತಿ? ನಿಮ್ಮೂರಾಗ ಅಣ್ಣನ ಮ್ಯಾಲ ಫೋನ್ ಮಾಡಿದಾಕಿ ಯಾರಂತೇನು? ಮನಿ ಮುಟ್ಟೂದ್ರಾಗ ಊರಿಗೆಲ್ಲಾ ಮಾಲೂಮ್ ಆಗ್ತದ."

ಅವರ ಮಾತು ನಿಜವಾಗಿತ್ತು. ಆ ಧರಣದ, ಎಂದರೆ ಅಣೆಕಟ್ಟಿನ, ನೀರು ಉಣ್ಣುವ ಊರುಗಳೂ ಒಂದೆರಡಲ್ಲ. ಇತರರ ತಪ್ಪುಗಳನ್ನು ಹೆಸರಿಟ್ಟು ಕರೆಯುವುದು ನನ್ನ ಕೆಲಸವಾದ್ದರಿಂದ ಈ ತಪ್ಪಿಗೂ ಹೆಸರಿಡಬೇಕು: ಒಬ್ಬ ಹೆಣ್ಣುಮಗಳು ತನ್ನ ಹೊಲದ ಪ್ರಶ್ನೆ ಕೇಳಲು ಬಂದಾಗ, ನೀನು ಯಾರ ಹೆಂಡತಿ ಎಂದು ನಾನು ಕೇಳಿದ್ದೆ. ಆಕೆ ಮರ್ಯಾದೆಯಿಂದ ಉತ್ತರ ಕಟ್ಟುತ್ತಿರುವಾಗ ಬಾಗಿಲು ಹಾಕಿಕೊಂಡಿದ್ದೆ.

ಕಾಕಾಗೆ ಮೊಬೈಲಿನಿಂದ ಕರೆ ಮಾಡಿದೆ. ಅವರು ಶಿರೂರ ಅನಂತಪಾಳದ ಒಂದು ಶಾಲೆಯಲ್ಲಿ ಏಣಿಯ ಮೇಲಿದ್ದರು.

"ಮೂವತ್ತು ಸೆಕೆಂಡು ಯಾಕ ಇಟ್ಟೀರಿ ಕಾಕಾ?"

"ಆಸ್ಪತ್ರ್ಯಾಗ ಅಷ್ಟೇ ಇತ್ತಲ್ಲ ತಾಈ. ಮೂವತ್ತು ಸೆಕೆಂಡ್‌ಕಿಂತ ಜಾಸ್ತಿ ಯಾವ ಡಾಕ್ಟರ್ ಕೇಳ್ತಾನ? ಒಮ್ಮಿ ಇಟ್ಟಿದ್ದು ನಾ ಬದಲೇ ಮಾಡಿಲ್ಲ."

ಬಲವುಳ್ಳವರ ತಾಳ್ಮೆಯ ಅಳತೆಯೇ ಬಡವರ ಮಾತಿನ ಅಳತೆಯಾಗಿ ನಮ್ಮ ಗೋಡೆಗೆ ಬಂದು ಕೂತಿತ್ತು. ಇದನ್ನು ವಿವರಿಸಲು ಬಾಯಿ ತೆರೆದೆ. ಅಕ್ಕ ಮೊಬೈಲು ಕಸಿದುಕೊಂಡರು. "ಏ ಮಿಸ್ತ್ರಿ, ನಂಬರ್ ಹೇಳು. ಭಾಷಣಾ ಆಮ್ಯಾಲ."

ಏಣಿಯ ಮೇಲಿನಿಂದ ಅವರು ಹೇಳುತ್ತ ಹೋದರು, ಅಕ್ಕ ತೋರುಬೆರಳಿನಿಂದ ಒಂದೊಂದೇ ಗುಂಡಿ ಒತ್ತುತ್ತ ಹೋದರು. ನಕ್ಷತ್ರ, ಗುಪ್ತಸಂಖ್ಯೆ, ಪೆಟ್ಟಿಗೆಯ ಸಂಖ್ಯೆ. ಚಿಂವ್ ಚಿಂವ್ ಚಿಂವ್.

"ತಪ್ಪಾತು," ಎಂದರು ಕಾಕಾ. "ಅಕ್ಕಾ, ಜೋಳಾ ಕುಟ್ಟಿದಂಗ ಕುಟಬ್ಯಾಡ್ರಿ. ನಾಜೂಕ ಒತ್ತರಿ."

"ನೀ ಹೇಳೂದೇ ಏಣಿ ಮ್ಯಾಲಿಂದ. ಮೊದಲ ನೆಲಕ್ಕ ಇಳದ ಹೇಳು!"

ಅವರು ಇಳಿದರೋ ಇಲ್ಲವೋ ತಿಳಿಯದು. ಮೂರನೆಯ ಸಲ ಉದ್ದನೆಯ ಸದ್ದು ಬಂತು. ಮೂವತ್ತು ಸೆಕೆಂಡು ಮೂರು ನಿಮಿಷವಾಯಿತು. ಅಕ್ಕ ಸೋಬಾನೆ ಮುಗಿಸಿದವರಂತೆ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು.

ಆದರೆ ಆಕೆಗೆ ಉತ್ತರ ಮುಟ್ಟಿಸುವುದು ಹೇಗೆ? ಆಕೆಯ ನಂಬರನ್ನು ಈ ಹಳೆಯ ಪೆಟ್ಟಿಗೆ ತೋರಿಸುವುದಿಲ್ಲ. ತೋರಿಸಿದರೂ ಅದು ಮತ್ತಾರದೋ ಫೋನು. ಉಪಾಯ ಅಕ್ಕನದು. ಆಕೆ ಉತ್ತರ ಕೇಳಲು ಮತ್ತೆ ಕರೆ ಮಾಡಿಯೇ ಮಾಡುತ್ತಾಳೆ. ಬಾಗಿಲು ಮುಚ್ಚಿದ ಹೊತ್ತಿನಲ್ಲೇ ಮಾಡುತ್ತಾಳೆ. ಆಗ ಮೊದಲು ಕೇಳುವುದು ಸ್ವಾಗತದ ಮಾತನ್ನೇ. ಉತ್ತರವನ್ನು ಅಲ್ಲೇ ಇಟ್ಟರಾಯಿತು. ಆಕೆಯ ಗುರುತು ಹತ್ತಬಾರದೆಂದು ದಿನವನ್ನು, ಊರನ್ನು, ಅಣ್ಣನನ್ನು ನಾನು ತೆಗೆಸಿದೆ. ಉಳಿದದ್ದೆಲ್ಲ ಅಕ್ಕ ಕಾಗದವಿಲ್ಲದೆ, ಒಂದೇ ಉಸಿರಿನಲ್ಲಿ ಹೇಳಿದರು:

"ತವರಮನಿ ಸಹಿ ಕೇಳಿದ ತಂಗೀ, ನಿನ್ನ ಮಾತು ಮುಟ್ಟೇದ. ಸಹಿ ಮಾಡೂದು ಬಿಡೂದು ನಿನ್ನ ಮನಸ್ಸು. ಯಾರೂ ಜಬರದಸ್ತಿ ಮಾಡ್ಲಾಕ ಬರಂಗಿಲ್ಲ. ಆ ಕಾಗದ ಪೂರಾ ಓದಿ ಹೇಳು ಅನ್ನು. ಮನಸಿಗಿ ಬರಲಿಲ್ಲ, ನಾ ಮಾಡಂಗಿಲ್ಲ ಅನ್ನು. ನೀ ಏನ್ ತಪ್ಪು ಮಾಡಿಲ್ಲ. ಉಳದಾವ್ರು ಬೀಪ್ ಅಂದ ಮ್ಯಾಲ ನಿಮ್ಮ ಮಾತು ಹೇಳ್ರಿ. ಗಂಡನ ಹೆಸರು ಬ್ಯಾಡ. ಒಡಪಾ ಹಾಕೂದಿದ್ರ ಹಾಕ್ರಿ, ಟೈಮ್ ಅದ."

ಕೊನೆಯ ವಾಕ್ಯವನ್ನು ತೆಗೆಯಿರೆಂದೆ. ಅವರು ತೆಗೆಯಲಿಲ್ಲ.

ಮಂಗಳವಾರ ಬೆಳಿಗ್ಗೆ ದೀಪ ಮಿನುಗುತ್ತಿತ್ತು. ಜಳಕೋಟದ ಕಡೆಯ ಒಬ್ಬ ಹೆಂಗಸಿನ ಸಂದೇಶ: "ನಾ ಕೇಳ್ಲಾಕಂತಿದ್ದೆ, ಕೇಳೂದಕ್ಕ ಮೊದಲೇ ಉತ್ತರಾ ಹೇಳೀರಲ್ರೀ. ಹ್ಯಾಂಗ ಗೊತ್ತಾತು ನಿಮಗ?" ಇನ್ನೊಬ್ಬಾಕೆ ಸಾವಕಾಶವಾಗಿ ಎರಡು ಒಡಪು ಹಾಕಿ, ಯಾವ ಕೆಲಸವನ್ನೂ ಹೇಳದೆ ಫೋನು ಇಟ್ಟಿದ್ದಳು. ಅಕ್ಕ ಅದನ್ನು ಅಳಿಸಲು ಬಿಡಲಿಲ್ಲ. ಮೂರನೆಯ ಸಂದೇಶದಲ್ಲಿ ಮಾತಿರಲಿಲ್ಲ. ಸ್ವಲ್ಪ ಹೊತ್ತು ಉಸಿರು, ದೂರದಲ್ಲಿ ಎಮ್ಮೆಯ ಕೂಗು, ಆಮೇಲೆ ಫೋನಿಟ್ಟ ಸದ್ದು. ಇದು ಆಕೆಯೇ ಏನು? ಅದನ್ನು ಮೂರು ಸಲ ಕೇಳಿದೆವು. ಎಮ್ಮೆ ಏನನ್ನೂ ಹೇಳಲಿಲ್ಲ.

ಬುಧವಾರ ನನಗೆ ಬೇರೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ನೋಂದಣಿ ಕಚೇರಿಯ ಹೊತ್ತು ಮುಗಿಯುತ್ತ ಬಂತು. ಅಕ್ಕ ಸುಮ್ಮನೆ ಅಕ್ಕಿ ಆರಿಸುವವರಂತೆ ಮೇಜಿನ ಮೇಲಿನ ಪಿನ್ನುಗಳನ್ನು ಬೇರೆ ಮಾಡುತ್ತಿದ್ದರು. ಸಂಜೆ ಐದರ ಸುಮಾರಿಗೆ ಗಂಟೆ ಬಾರಿಸಿತು. ಎರಡನೆಯ ಗಂಟೆಗೆ ನಾನೇ ಎತ್ತಿದೆ.

"ಅಕ್ಕಾರು ಅದಾರೇನ್ರೀ?" ಆ ಮೆಲುದನಿ. ಈ ಸಲ ಅವಸರವಿರಲಿಲ್ಲ. ನಾನು ಸ್ಪೀಕರ್ ಒತ್ತಿದೆ.

"ಹೇಳವ್ವಾ, ನಾನೇ," ಎಂದರು ಅಕ್ಕ.

"ಸಹಿ ಮಾಡಲಿಲ್ಲರೀ ನಾ."

ಅಕ್ಕ ನನ್ನ ಮುಂಗೈ ಹಿಡಿದರು. "ಏನಂದಿ? ಹ್ಯಾಂಗಂದಿ?"

"ಓದಿ ಹೇಳು ಅಂದೆ. ಕಾಗದ ಬರೆಯಾಂವ ಓದ್ತೀನಂದ. ಬ್ಯಾಡ, ನಮ್ಮಣ್ಣನೇ ಓದ್ಲಿ ಅಂದೆ. ಅಂವಾ ಓದ್ಲಾಕ ಚಾಲೂ ಮಾಡ್ದ. ನನ್ನ ತಂಗಿಗಿ ಯಾವ ಹಕ್ಕೂ ಇರಂಗಿಲ್ಲ, ಆಕಿ ಮಕ್ಕಳಿಗೂ ಇರಂಗಿಲ್ಲ ಅನ್ನೂದ್ರಾಗ ದನಿ ಸಣ್ಣಾತ್ರೀ ಅಂವಂದು. ಅರ್ಧಾಕ್ಕ ನಿಲ್ಲಿಸಿ ನನ್ನ ಮಾರಿ ನೋಡ್ದ. ನಾ ಅಂದೆ, ಓದ್ಲಾಕೇ ಇಷ್ಟು ಭಾರ ಅದ, ಬರಕೊಡ್ಲಾಕ ಎಷ್ಟ ಭಾರ ಇರ್ಬೇಕ ಅಣ್ಣಾ? ಮನಿಗಿ ನಡಿ ಅಂದ."

"ಸಿಟ್ಟಿಗಿ ಬಂದಾನೇನು?"

"ಬಂದಾನ. ದಾರೀಗುಂಟ ಮಾತಾಡ್ಲಿಲ್ಲ. ಬಸ್‌ಸ್ಟ್ಯಾಂಡ್‌ದಾಗ ಚಹಾ ಮಾತ್ರ ನಂದೂ ಹೇಳ್ದ."

"ಮತ್ತ ಸಹಿಗಂತ ಸೀರಿ ತಂದಿರ್ಬೇಕಲ್ಲ ಅಂವಾ?"

"ತಂದಿದ್ದ. ಹಸರ ಇಳಕಲ್ಲು, ಬಾಳ ಛಲೋ ಅದ."

"ಹೊಳ್ಳಿ ಕೊಟ್ಟೇನು?"

ಆ ಕಡೆಯಿಂದ ಫೋನು ನಡುಗುವಷ್ಟು ನಗು. "ಯಾಕ ಕೊಡ್ಲಿ? ಅಣ್ಣ ತಂದ ಸೀರಿ. ಅದನ್ನೇ ಉಟ್ಕೊಂಡ್ ಮಾತಾಡ್ಲಾಕತ್ತೀನಿ."

ನಾನು ಶುಕ್ರವಾರ ಕಚೇರಿಗೆ ಬರಲು ಹೇಳಿದೆ. ಹೊಲದ ಕಾಗದಗಳನ್ನು ತರಲು ಹೇಳಿದೆ. ಮುಂದೆ ಏನೇನಾಗಬಹುದು, ಏನೇನು ಮಾಡಬೇಕು ಎಂದು ವಿವರಿಸತೊಡಗಿದೆ. ಆಕೆ ನಡುವೆ ತಡೆದು ಕೇಳಿದಳು: "ತಾಈ, ಅಣ್ಣಗೂ ಕರಕೊಂಡ್ ಬರ್ಲೇನ್ರೀ? ಮನಿಗಿ ಬಂದು ನಿಮ್ಮ ಸುದ್ದಿ ಹೇಳೀನಿ, ಅಂವಗೂ ಏನೇನೋ ಕೇಳೂದದ ಅಂತ."