ಥ್ರೋಬಾಲ್ ತಂಡಕ್ಕೆ ಅಮ್ಮ ಕೊಟ್ಟ ಮೂರು ಮಾತು

ನನ್ನ ಬಲವೆಲ್ಲ ಇದ್ದದ್ದು ಗಂಟಲಲ್ಲಿ, ಕೈಯಲ್ಲಲ್ಲ. ಬಹರೈನಿನಲ್ಲಿ ನಾನು ಓದಿದ ಇಂಡಿಯನ್ ಸ್ಕೂಲಿನ ಹುಡುಗಿಯರ ಥ್ರೋಬಾಲ್ ತಂಡಕ್ಕೆ ಒಂಬತ್ತನೇ ಕ್ಲಾಸಿನಲ್ಲಿ ನನ್ನನ್ನು ಸೇರಿಸಿಕೊಂಡದ್ದೂ ಆ ಗಂಟಲಿಗಾಗಿಯೇ. ಆಯ್ಕೆಯ ದಿನ ನಾನು ಎಸೆದ ಚೆಂಡು ಮೂರು ಸಲವೂ ನೆಟ್ಟಿಗೆ ಬಡಿದು ನನ್ನ ಕಾಲ ಬುಡಕ್ಕೇ ಬಂದು ಬಿತ್ತು. ಅಷ್ಟರಲ್ಲಿ ಯಾರೋ ನನ್ನ ನೀರಿನ ಬಾಟಲಿ ಎತ್ತಿಕೊಂಡು ಹೊರಟದ್ದು ಕಂಡಿತು. ನಾನು ಹಾಕಿದ ಕೂಗಿಗೆ ಪಿ.ಟಿ. ಮೇಡಂ ಪಟ್ಟಿಯಿಂದ ತಲೆ ಎತ್ತಿದರು. "ಯು! ಸೆಂಟರ್!" ಎಂದರು. ಆಮೇಲೆ ಹತ್ತಿರ ಕರೆದು, ನಿನ್ನ ಕೆಲಸ ಎಸೆಯುವುದಲ್ಲ, ಕೂಗುವುದು ಎಂದು ಇಂಗ್ಲಿಷಿನಲ್ಲಿ ತಿಳಿಹೇಳಿದರು.

ಇದು ತಮಾಷೆಯಲ್ಲ. ಥ್ರೋಬಾಲಿನಲ್ಲಿ ಚೆಂಡು ಹಿಡಿದವಳು ಮೂರು ಸೆಕೆಂಡಿನೊಳಗೆ ಅದನ್ನು ವಾಪಸ್ ಎಸೆಯಬೇಕು. ನೆಟ್ಟಿನ ಆಚೆ ಎಲ್ಲಿ ಜಾಗ ಖಾಲಿ ಇದೆ ಎಂದು ನೋಡುವ ಪುರುಸೊತ್ತು ಅವಳಿಗಿಲ್ಲ. ಅವಳ ಪರವಾಗಿ ನೋಡಿ, ಹಿಂದೆ ಎಸಿ, ಮುಂದೆ ಎಸಿ ಎಂದು ಕೂಗುವವಳೊಬ್ಬಳು ಬೇಕು. ನಾನು ಆ ಕೆಲಸವನ್ನು ಬಹಳ ಗಂಭೀರವಾಗಿ ತೆಗೆದುಕೊಂಡೆ. ಕ್ಲಾಸಿನಲ್ಲಿ ನಾನು ಜಾಣೆಯಾಗಿರಲಿಲ್ಲ, ಡ್ಯಾನ್ಸ್ ಬರುತ್ತಿರಲಿಲ್ಲ, ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಏಳು ಜನರಲ್ಲಿ ಒಬ್ಬಳಾಗಿ ಮರೂನ್ ಜೆರ್ಸಿ ಹಾಕಿಕೊಂಡಾಗ ಮಾತ್ರ ನಾನೂ ಬೇಕಾದವಳು ಅನ್ನಿಸುತ್ತಿತ್ತು. ಆ ಜೆರ್ಸಿಯನ್ನು ಯಾರಾದರೂ ಕಿತ್ತುಕೊಂಡರೆ ನಾನು ಸತ್ತೇ ಹೋಗುತ್ತೇನೆ ಎಂದುಕೊಂಡಿದ್ದೆ. ಹದಿನಾಲ್ಕು ವರ್ಷಕ್ಕೆ ಸಾಯುವುದು ಬಹಳ ಸುಲಭ.

ಅಕ್ಟೋಬರ್ ಮುಗಿದು ಕೋರ್ಟಿನ ಸಿಮೆಂಟು ಷೂ ಒಳಗೆ ಸುಡುವುದು ನಿಂತ ಮೇಲೆ ನಮ್ಮ ಸೀಸನ್. ಎರಡು ಗಂಟೆಗೆ ಸ್ಕೂಲ್ ಬಸ್ಸುಗಳೆಲ್ಲ ಹೊರಟು ಹೋದ ಮೇಲೆ ನಾವು ಉಳಿದುಕೊಳ್ಳುತ್ತಿದ್ದೆವು. ನಾಲ್ಕೂವರೆಗೆ ಹಿದ್‌ನ ಬಂದರಿನಲ್ಲಿ ಕೆಲಸ ಮುಗಿಸಿ ಅಪ್ಪ ಬಂದು ನನ್ನನ್ನೂ ದಾರಿಯ ಇಬ್ಬರನ್ನೂ ಕಾರಿಗೆ ತುಂಬಿಕೊಂಡು ಹೋಗುತ್ತಿದ್ದರು. ಅಪ್ಪ ಹಾಸನದ ಕಡೆಯ ಎಂಜಿನಿಯರು. ಅಮ್ಮ ಮಂಗಳೂರಿನವಳು, ಸಲ್ಮಾನಿಯಾ ಆಸ್ಪತ್ರೆಯಲ್ಲಿ ನರ್ಸ್. ಮನೆಯಲ್ಲಿ ಕನ್ನಡ; ತುಳು ಅಂದರೆ ಅಮ್ಮ ನನಗೆ ಬೈಯುವ ಭಾಷೆ, ಮುದ್ದು ಮಾಡುವ ಭಾಷೆ.

ಮೊದಲ ಅಭ್ಯಾಸ ಪಂದ್ಯದಲ್ಲಿ ನಾವು ಸೋತು ಸುಣ್ಣವಾದೆವು. ನಾನು "ಬ್ಯಾಕ್!" ಎಂದು ಕೂಗಿದರೆ ಚೆಂಡಿಗಿಂತ ಮೊದಲು ಎದುರು ತಂಡದವರೇ ಹಿಂದೆ ಹೋಗಿ ನಿಲ್ಲುತ್ತಿದ್ದರು. ಮನೆಗೆ ಬಂದು ಬ್ಯಾಗು ಎಸೆದು ಅತ್ತೆ. ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದ ಅಮ್ಮ ಕಥೆ ಪೂರ್ತಿ ಕೇಳಿ ನಕ್ಕಳು.

"ಎಂತ ಮಾರಾಯ್ತಿ, ಎಲ್ಲರಿಗೂ ಗೊತ್ತಿರುವ ಭಾಷೆಯಲ್ಲಿ ಗುಟ್ಟು ಹೇಳ್ತಾರಾ? ತುಳುವಲ್ಲಿ ಕೂಗು."

ನರ್ಸಿಂಗ್ ಹಾಸ್ಟೆಲಿನಲ್ಲಿದ್ದಾಗ ಅಮ್ಮನೂ ಥ್ರೋಬಾಲ್ ಆಡಿದವಳಂತೆ. ಅದು ನನಗೆ ಆವತ್ತೇ ಗೊತ್ತಾದದ್ದು. ಇಸ್ತ್ರಿ ಪೆಟ್ಟಿಗೆ ಆರಿಸಿ ನನಗೆ ಮೂರು ಮಾತು ಕೊಟ್ಟಳು. ದುಂಬು ಅಂದರೆ ಮುಂದೆ. ಪಿರ ಅಂದರೆ ಹಿಂದೆ. ಬೊಡ್ಚಿ ಅಂದರೆ ಬೇಡ, ಚೆಂಡು ಹೊರಗೆ ಹೋಗುತ್ತಿದೆ, ಮುಟ್ಟಬೇಡ.

ತಂಡದಲ್ಲಿ ನಾಲ್ಕು ಜನ ಮಲಯಾಳಿಗಳು, ಒಬ್ಬಳು ತಮಿಳಿನವಳು, ಒಬ್ಬಳು ಪಂಜಾಬಿ. ಒಂದು ವಾರದಲ್ಲಿ ಎಲ್ಲರಿಗೂ ಬಾಯಿಪಾಠವಾಯಿತು. ಬೊಡ್ಚಿಯಂತೂ ಕೋರ್ಟು ದಾಟಿ ಕ್ಲಾಸಿಗೂ ಬಂತು. ಲೆಕ್ಕದ ಹೋಂವರ್ಕಿಗೆ ಪಂಜಾಬಿ ಹುಡುಗಿ ಬೊಡ್ಚಿ ಅನ್ನುತ್ತಿದ್ದಳು. ಆ ವರ್ಷವಷ್ಟೇ ಬೆಂಗಳೂರಿನಿಂದ ಬಂದು ಸೇರಿದ್ದ ಒಬ್ಬಳು ಬೆಂಚಿನ ಮೇಲೆ ಬದಲಿ ಆಟಗಾರ್ತಿಯಾಗಿ ಕೂತಿರುತ್ತಿದ್ದಳು. ಅವಳಿಗೆ ಮಾತ್ರ ಇದು ಹಿಡಿಸಲಿಲ್ಲ. "ಯಾಕೆ, ಕನ್ನಡದಲ್ಲಿ ಕೂಗಿದ್ರೆ ಏನ್ ಪ್ರಾಬ್ಲಂ?" ಎಂದು ಕೇಳಿದಳು. "ನಿನ್ನಂಥೋರು ಎಲ್ಲಾ ಸ್ಕೂಲಲ್ಲೂ ಇರ್ತಾರಲ್ಲ, ಅದೇ ಪ್ರಾಬ್ಲಂ" ಎಂದೆ. ಅವಳ ಕೈ ನನ್ನ ಕೈಗಿಂತ ಎರಡು ಪಟ್ಟು ಗಟ್ಟಿ ಎನ್ನುವುದು ನನಗೆ ಗೊತ್ತಿತ್ತು, ಅದಕ್ಕೇ ಅಷ್ಟು ಖಾರವಾಗಿ ಹೇಳಿದ್ದು.

ಮೂರು ಸ್ಕೂಲುಗಳನ್ನು ಸೋಲಿಸಿ ಫೈನಲ್ಲಿಗೆ ಬಂದೆವು. ಮೂರು ಪಂದ್ಯಕ್ಕೂ ಅಮ್ಮನಿಗೆ ಬರಲಾಗಲಿಲ್ಲ, ಡ್ಯೂಟಿ. ಫೈನಲ್ ಇದ್ದದ್ದು ಶುಕ್ರವಾರ ಬೆಳಿಗ್ಗೆ, ಎದುರಾಳಿಗಳ ಸ್ಕೂಲಿನಲ್ಲಿ. ಗುರುವಾರ ರಾತ್ರಿ ಪಾಳಿ ಮುಗಿಸಿ ನೇರ ಬರುತ್ತೇನೆ ಎಂದಿದ್ದಳು. ನಾನು ನಂಬಿರಲಿಲ್ಲ. ಆದರೆ ಮೊದಲ ಸೆಟ್ಟಿನ ನಡುವೆ ನೋಡಿದರೆ, ಬಿಳಿ ಯೂನಿಫಾರ್ಮಿನ ಮೇಲೆ ಸ್ವೆಟರ್ ಹಾಕಿಕೊಂಡ ಅಮ್ಮ ಆಚೆ ಬದಿಯ ಬೆಂಚಿನಲ್ಲಿ ಕೂತಿದ್ದಾಳೆ! ಆ ಜನದಲ್ಲಿ ಅವಳಿಗೆ ಪರಿಚಯದ ಮುಖ ಒಂದೇ. ಅವಳ ವಾರ್ಡಿನಲ್ಲೇ ಕೆಲಸ ಮಾಡುವ ಕೊಟ್ಟಾಯಂನ ಆಂಟಿ. ಪಕ್ಕದಲ್ಲೇ ಹೋಗಿ ಕೂತುಬಿಟ್ಟಿದ್ದಳು. ಆ ಆಂಟಿಯ ಮಗಳು ಎದುರು ತಂಡದ ಕ್ಯಾಪ್ಟನ್.

ಅಮ್ಮ ನೋಡುತ್ತಿದ್ದಾಳೆ ಎಂದು ನನಗೆ ಹುರುಪು ಬಂತು. ಗಂಟಲು ಹರಿಯುವಂತೆ ಕೂಗಿದೆ. ಮೊದಲ ಸೆಟ್ ನಮ್ಮದು, ಹದಿನೈದು ಒಂಬತ್ತು.

ಬಿಡುವಿನಲ್ಲಿ ನೀರು ಕುಡಿಯುತ್ತ ಅಮ್ಮನ ಕಡೆ ನೋಡಿದೆ. ಅಮ್ಮ ಆಂಟಿಗೆ ಏನೋ ವಿವರಿಸುತ್ತಿದ್ದಳು. ಕೈಯನ್ನು ಭುಜದ ಹಿಂದಕ್ಕೆ ಒಯ್ದು ತೋರಿಸಿದಳು. ಆಮೇಲೆ ಮುಂದಕ್ಕೆ ಚಾಚಿ ತೋರಿಸಿದಳು. ಕೊನೆಗೆ ಬೇಡ ಬೇಡ ಎಂದು ಅಂಗೈ ಆಡಿಸಿ, ತನ್ನ ಎದೆ ಮುಟ್ಟಿಕೊಂಡು, ನನ್ನ ಕಡೆ ಬೆರಳು ತೋರಿಸಿದಳು. ನಾನೇ ಕಲಿಸಿದ್ದು, ನನ್ನ ಮಗಳು ನೋಡು! ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಆ ಮುದ್ದಿನಲ್ಲಿ ಅಮ್ಮ ನಮ್ಮ ಗುಟ್ಟನ್ನೆಲ್ಲ ಬಿಡಿಸಿ ಹೇಳಿಬಿಟ್ಟಿದ್ದಳು. ಆಂಟಿ ನಗುತ್ತಲೇ ಎದ್ದು, ನೀರಿನ ಬಾಟಲಿ ಹಿಡಿದು, ಮಗಳ ಹತ್ತಿರ ನಡೆದರು.

ಎರಡನೇ ಸೆಟ್ಟಿನಲ್ಲಿ ನಾನು "ಪಿರ" ಎನ್ನುವಷ್ಟರಲ್ಲೇ ಆ ಕ್ಯಾಪ್ಟನ್ ಹಿಂದೆ ಸರಿದು ನಿಂತಿರುತ್ತಿದ್ದಳು. "ದುಂಬು" ಎಂದರೆ ನೆಟ್ಟಿಗೆ ಓಡಿ ಬರುತ್ತಿದ್ದಳು. ಸೆಟ್ ಹೋಯಿತು. ಮೂರನೆಯದರಲ್ಲಿ ನಾನು ಬಾಯಿ ಮುಚ್ಚಿಕೊಂಡೆ. ಕೂಗದ ನಾನು ಕೋರ್ಟಿನಲ್ಲಿ ಏತಕ್ಕೆ? ಚೆಂಡು ನನ್ನ ಕೈಗೇ ಎರಡು ಸಲ ಬಂತು. ಎರಡು ಸಲವೂ ನೆಟ್ಟಿಗೆ ಹೊಡೆದೆ. ಆರು ಹತ್ತು ಆಗಿದ್ದಾಗ ಮೇಡಂ ನನ್ನನ್ನು ಹೊರಗೆ ಕರೆದು ಬೆಂಗಳೂರಿನವಳನ್ನು ಕಳಿಸಿದರು. ಅವಳು ಒಂದು ಮಾತೂ ಆಡದೆ ಎಸೆದಳು, ಎಸೆದಳು, ಎಸೆಯುತ್ತಲೇ ಇದ್ದಳು. ಹದಿನೈದು ಹದಿಮೂರಕ್ಕೆ ನಮ್ಮ ತಂಡ ಗೆದ್ದಿತು. ನಾನಿಲ್ಲದೆ ಗೆದ್ದಿತು.

ಎಲ್ಲರೂ ಕುಣಿಯುವಾಗ ನಾನು ಬೆಂಚಿನಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ. ಅಮ್ಮ ಬರಲಿ, ಇವತ್ತು ಇದೆ ಅವಳಿಗೆ. ನಿನ್ನಿಂದಲೇ ನನ್ನ ಜಾಗ ಹೋಯಿತು, ಬರದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಎಲ್ಲರೆದುರು ಹೇಳಬೇಕು. ಮಾತು ನಾಲಿಗೆಯ ಮೇಲೇ ಇತ್ತು.

ಅಮ್ಮ ಮೈದಾನ ಸುತ್ತಿ ಬಂದು ಪಕ್ಕದಲ್ಲಿ ಕೂತಳು. ರಾತ್ರಿಯಿಡೀ ನಿದ್ದೆಯಿಲ್ಲದೆ ಅವಳ ಕಣ್ಣು ಕೆಂಪಾಗಿದ್ದವು, ಕೆನ್ನೆಯ ಮೇಲೆ ಮಾಸ್ಕಿನ ಗೆರೆ ಇನ್ನೂ ಮಾಸಿರಲಿಲ್ಲ. ಮುಖ ಮಾತ್ರ ಹಬ್ಬ.

"ಎಂಥ ಸ್ವರ ಮಾರಾಯ್ತಿ ನಿಂದು! ಗೇಟಿನ ಹೊರಗೆ ಟ್ಯಾಕ್ಸಿ ಇಳಿಯುವಾಗಲೇ ನಂಗೆ ಕೇಳ್ತು. ಮತ್ತೆ ಯಾಕೆ ನಿನ್ನನ್ನು ಹೊರಗೆ ಕೂರಿಸಿದ್ರು?"

ಅವಳಿಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲ. ನನ್ನ ಆಟ ಅವಳು ನೋಡಿದ್ದೇ ಅದು ಮೊದಲು.

"ಗಂಟಲು ಹಿಡಿದುಬಿಡ್ತು ಅಮ್ಮ" ಎಂದೆ.

ನನ್ನ ಜೀವಮಾನದಲ್ಲಿ ನಾನು ಸಿಟ್ಟು ನುಂಗಿದ್ದು ಅದೇ ಮೊದಲ ಸಲ. ಬೇರೆ ಸಲಗಳು ಹೆಚ್ಚೇನೂ ಇಲ್ಲ.

ಅದಕ್ಕೆ ಶಿಕ್ಷೆಯೂ ಆಯಿತು. ನರ್ಸಿನ ಮಗಳು ಗಂಟಲು ನೋವು ಅನ್ನಬಾರದು. ಆ ದಿನದಿಂದ ಒಂದು ವಾರ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ಅಮ್ಮ ಬಿಸಿ ಉಪ್ಪುನೀರು ತಂದು ಎದುರಿಗೆ ನಿಂತಳು. ಇಲ್ಲದ ನೋವಿಗೆ ನಾನು ಗಳಗಳ ಮುಕ್ಕಳಿಸಿದೆ. ಎರಡನೇ ದಿನದಿಂದ ಅವಳು ಮಾತು ಕಡಿಮೆ ಮಾಡಿದ್ದಳು. ಡ್ಯೂಟಿಯ ದಣಿವು ಇರಬೇಕು ಎಂದುಕೊಂಡೆ.

ಹತ್ತನೇ ಕ್ಲಾಸಿನಲ್ಲಿ ನಾನು ಹಟ ಹಿಡಿದು ಎಸೆಯಲು ಕಲಿತೆ. ಕಲಿಸಿದವಳು ಬೆಂಗಳೂರಿನವಳೇ, ನನ್ನ ನಾಲಿಗೆಯನ್ನು ಮರೆತು ಕಲಿಸಿದಳು, ದೊಡ್ಡ ಮನಸ್ಸು. ಜೆರ್ಸಿ ಮತ್ತೆ ಸಿಕ್ಕಿತು. ಆ ವರ್ಷ ಅಮ್ಮ ಎರಡು ಪಂದ್ಯಕ್ಕೆ ಬಂದಳು. ಎರಡರಲ್ಲೂ ಯಾರ ಪಕ್ಕವೂ ಕೂರದೆ, ಬೆಂಚಿನ ತುದಿಯಲ್ಲಿ ಒಬ್ಬಳೇ, ದುಪಟ್ಟಾದ ಅಂಚನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ನಾನು ಗೆದ್ದು ಬಂದರೂ ತುಟಿ ಬಿಚ್ಚಲಿಲ್ಲ. ನನಗೆ ಸಿಟ್ಟು ಬಂದು, "ಬಂದದ್ದಕ್ಕೆ ಬಾಯ್ತುಂಬ ಒಂದು ಮಾತು ಆಡ್ಬಾರ್ದಾ?" ಎಂದು ಕೇಳಿದೆ.

"ನಿದ್ದೆ ಬರ್ತಿತ್ತು ಮಾರಾಯ್ತಿ" ಎಂದಳು.

ಐದಾರು ವರ್ಷಗಳ ನಂತರ, ನಾನು ಕಾಲೇಜಿನ ರಜೆಗೆ ಬಹರೈನಿಗೆ ಬಂದಿದ್ದಾಗ, ಕೊಟ್ಟಾಯಂನ ಆಂಟಿ ನಿವೃತ್ತಿಯಾಗಿ ಊರಿಗೆ ಹೊರಟರು. ಮನಾಮಾದ ಅವರ ಮನೆಯಲ್ಲಿ ಊಟ. ಕೈ ತೊಳೆಯುವಾಗ ಆಂಟಿ ನನ್ನ ಹತ್ತಿರ ಬಂದು, ಹಿಂದಿಯಲ್ಲಿ, ಆ ಮ್ಯಾಚಿನ ವಿಷಯಕ್ಕೆ ಕ್ಷಮೆ ಕೇಳಿದರು. ಮಗಳು ಸೋಲುತ್ತಿದ್ದಳು, ಗುಟ್ಟು ಹೇಳದೆ ತಡೆಯಲಾಗಲಿಲ್ಲ ಎಂದರು. ಮರುದಿನವೇ ವಾರ್ಡಿನಲ್ಲಿ ನಿನ್ನಮ್ಮನಿಗೆ ನಗುತ್ತ ಹೇಳಿಬಿಟ್ಟೆ, ಅವಳು ನಗಲಿಲ್ಲ, ಆವತ್ತು ಟಿಫಿನ್ ಬಾಕ್ಸನ್ನೂ ತೆರೆಯಲಿಲ್ಲ ಎಂದರು.

ಮರುದಿನವೇ. ಅಂದರೆ ಇನ್ನೂ ಆರು ದಿನ ಅಮ್ಮ ಎಲ್ಲ ಗೊತ್ತಿದ್ದೂ ನನಗೆ ಉಪ್ಪುನೀರು ಕಾಯಿಸಿದ್ದಳು.

ಮನೆಗೆ ಬಂದಾಗ ಅಮ್ಮ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದಳು. ಎದುರು ಕೂತು, ಹೇಳಬೇಕೆಂದು ಬಾಯಿ ತೆರೆದೆ. ಗಂಟಲು ನಿಜವಾಗಿಯೇ ಹಿಡಿದಿತ್ತು. ಅಮ್ಮ ನನ್ನ ಮುಖ ನೋಡಿದಳು. ಎದ್ದು, ಒಲೆಯ ಮೇಲೆ ನೀರು ಕಾಯಲು ಇಟ್ಟಳು.